ಹನ್ನೆರಡು ಅಡಿ ಎಲುಬು, ಒಂದಂಗುಲ ತಿರುಳು

ಹೋಮ್ ಡಿಪೋ ಮಳಿಗೆಗಳ 12 ಅಡಿಯ ಅಸ್ಥಿಪಂಜರವನ್ನು ಹ್ಯಾಲೋವೀನ್ ಅಂಗಳದ ಮೇರುಕೃತಿ ಎಂದು ಕೊಂಡಾಡುವುದನ್ನು ಇನ್ನಾದರೂ ನಿಲ್ಲಿಸಬೇಕು. 2020ರಲ್ಲಿ 299 ಡಾಲರ್ ಬೆಲೆಗೆ ಬಂದ ಈ ಪ್ಲಾಸ್ಟಿಕ್ ಬೊಂಬೆ ಬಂದಷ್ಟೇ ಬೇಗ ಖಾಲಿಯಾಯಿತು, 'ಸ್ಕೆಲಿ' ಎಂಬ ಮುದ್ದಿನ ಹೆಸರನ್ನೂ ಪಡೆಯಿತು. ಅದರ ಮೇಲೆ ಲೇಖನಗಳು ಬಂದವು, ಅದನ್ನು ನಮ್ಮ ಕಾಲದ ಜಾನಪದ ಎಂದವರೂ ಇದ್ದಾರೆ. ನನ್ನ ತಕರಾರು ಅದು ಅಂಗಡಿಯ ಸರಕು ಎಂಬುದಕ್ಕಲ್ಲ. ನೂರು ವರ್ಷದ ಹಿಂದೆಯೂ ಅಮೆರಿಕದವರು ಹ್ಯಾಲೋವೀನ್ ಅಲಂಕಾರವನ್ನು ಕೊಂಡೇ ತರುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಡೆನಿಸನ್ ಕಾಗದದ ಕಂಪನಿ 1909ರಿಂದಲೇ 'ಬೋಗಿ ಬುಕ್' ಎಂಬ ಪುಸ್ತಿಕೆ ಅಚ್ಚುಹಾಕಿ, ತನ್ನ ಕ್ರೇಪ್ ಕಾಗದದಿಂದ ಮನೆ ಸಿಂಗರಿಸುವ ಬಗೆಯನ್ನು ಹೇಳಿಕೊಡುತ್ತಿತ್ತು. ಕೊಂಡ ವಸ್ತುವಿನಿಂದಲೂ ಒಳ್ಳೆಯ ಅಂಗಳ ಕಟ್ಟಬಹುದು. ಈ ಅಸ್ಥಿಪಂಜರಕ್ಕೆ ಅಂಗಳವೆಂದರೆ ಏನೆಂದೇ ತಿಳಿದಿಲ್ಲ; ನನ್ನ ತಕರಾರು ಅಲ್ಲಿದೆ.

ಹ್ಯಾಲೋವೀನ್ ಅಂಗಳವನ್ನು ನಡೆದು ಅನುಭವಿಸಬೇಕು. ರಸ್ತೆಬದಿಯ ಕಾಲುದಾರಿಯಿಂದ ಮನೆಯ ಬಾಗಿಲವರೆಗಿನ ಇಪ್ಪತ್ತು ಮೂವತ್ತು ಹೆಜ್ಜೆಗಳಷ್ಟೇ ಆ ಕೃತಿಯ ಅವಧಿ. ಆ ಹೆಜ್ಜೆ ಇಡುವ ಆರೇಳು ವರ್ಷದ ಮಗುವೇ ಅದರ ಸಹೃದಯ. ನಡುವೆ ಭಯ ಇರಬೇಕು, ಕೊನೆಯಲ್ಲಿ ಬಾಗಿಲು ತೆರೆದು ಒಂದು ಕೈ ಮಿಠಾಯಿ ಕೊಡಬೇಕು. ಈ ಎರಡನ್ನೂ ಹೊಂದಿಸಲಾರದ ಅಲಂಕಾರ ಎಷ್ಟು ದುಬಾರಿಯದಾದರೂ ಸೋತಂತೆಯೇ.

ಹಬ್ಬದ ಐರಿಷ್ ಮೂಲ, ವಲಸೆ, ಚರ್ಚಿನ ಪಾತ್ರ ಇವನ್ನೆಲ್ಲ ಬಲ್ಲವರಿಗೆ ಮತ್ತೆ ಹೇಳಬೇಕಾಗಿಲ್ಲ. ಅಂಗಳದ ಕಥೆಯನ್ನು ಮಾತ್ರ ಹೇಳಬೇಕು, ಏಕೆಂದರೆ ವಿಮರ್ಶಕರು ಮರೆಯುವುದು ಅದನ್ನೇ. ಫ್ರಾಂಕ್ ಜೆ. ಸ್ಕಾಟ್ 1870ರಲ್ಲಿ ಉಪನಗರದ ಮನೆಗಳ ಹಸಿರನ್ನು ಚೆಂದಗೊಳಿಸುವ ಬಗ್ಗೆ ದೊಡ್ಡ ಪುಸ್ತಕ ಬರೆದ. ಮನೆಮುಂದಿನ ಹುಲ್ಲುಹಾಸಿಗೆ ಬೇಲಿ ಕಟ್ಟಿ ನೆರೆಯವರ ಕಣ್ಣಿಗೆ ಮರೆಮಾಡುವುದು ಒಳ್ಳೆಯ ನೆರೆಹೊರೆಗೆ ತಕ್ಕುದಲ್ಲ ಎಂದು ವಾದಿಸಿದ. ಆ ವಾದ ಗೆದ್ದಿತು. ಅಮೆರಿಕದ ಉಪನಗರದ ಬಹುಪಾಲು ಅಂಗಳಗಳು ಇವತ್ತಿಗೂ ಎಲ್ಲರಿಗೂ ಕಾಣುತ್ತವೆ, ಯಾರೂ ಕಾಲಿಡುವುದಿಲ್ಲ. ಅಕ್ಟೋಬರ್ 31ರ ಸಂಜೆ ಮಾತ್ರ ಗುರುತುಪರಿಚಯವಿಲ್ಲದವರ ಮಕ್ಕಳು ಕೇಳದೆ ಒಳಬರುತ್ತಾರೆ.

ಹಿಂದೆಯೂ ಕೇಳದೆ ಬರುತ್ತಿದ್ದರು, ಆದರೆ ಹಾಳುಗೆಡವಲು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹುಡುಗರು ಈ ಹಬ್ಬದ ಹೊತ್ತಿಗೆ ಮನೆಗಳ ಗೇಟುಗಳನ್ನು ಕಿತ್ತು ಹೊತ್ತೊಯ್ಯುತ್ತಿದ್ದರು. ಕೆಲವು ಪ್ರಾಂತಗಳಲ್ಲಿ ಹಬ್ಬದ ಹಿಂದಿನ ರಾತ್ರಿಗೆ 'ಗೇಟ್ ನೈಟ್' ಎಂದೇ ಹೆಸರು. ಮಿನೆಸೋಟಾದ ಅನೋಕಾ ಊರಿನಲ್ಲಿ ದನಗಳನ್ನು ಬಿಚ್ಚಿ ಪೇಟೆಬೀದಿಗೆ ಅಟ್ಟುವಷ್ಟು ಪುಂಡಾಟ ಬೆಳೆದು, 1920ರಲ್ಲಿ ಊರ ಹಿರಿಯರು ಮಕ್ಕಳಿಗಾಗಿ ಮೆರವಣಿಗೆಯನ್ನೇ ಏರ್ಪಡಿಸಿದರು. 1930ರ ದಶಕದ ಬಡತನದಲ್ಲಿ ಪುಂಡಾಟ ಇನ್ನೂ ಕೆರಳಿತು. ಮನೆಯವರು ತಾವೇ ಬಾಗಿಲು ತೆರೆದು ತಿನಿಸು ಕೊಡುವ ರೂಢಿ ಹರಡಿದ್ದು ಆ ಹೊತ್ತಿನಲ್ಲಿ. ಯುದ್ಧಕಾಲದ ಸಕ್ಕರೆ ಪಡಿತರ ಅದನ್ನು ತಡೆದರೂ, ಯುದ್ಧ ಮುಗಿದ ಮೇಲೆ ಅದು ನೆಲೆಯೂರಿತು. ಅಂದರೆ ಅಂಗಳದ ಈ ಸಿಂಗಾರದ ಹಿಂದೆ ಮನೆಯವರಿಗೂ ಬೀದಿಯ ಮಕ್ಕಳಿಗೂ ಆದ ಒಂದು ಒಪ್ಪಂದವಿದೆ. ಜಗಲಿಯ ದೀಪ ಉರಿಯುತ್ತಿದ್ದರೆ ಬನ್ನಿ, ಆರಿದ್ದರೆ ಮುಂದಿನ ಮನೆಗೆ ಹೋಗಿ ಎಂಬ ಸನ್ನೆ ಇವತ್ತಿಗೂ ನಡೆಯುತ್ತಿದೆ. 2014ರಿಂದ ಅಮೆರಿಕದಾದ್ಯಂತ ಹಬ್ಬಿದ ಹಸಿರುನೀಲಿ ಕುಂಬಳವೂ ಇದೇ ಭಾಷೆಯ ಹೊಸ ಪದ: ಕೆಲವು ತಿನಿಸು ಒಗ್ಗದ ಮಕ್ಕಳಿಗೆ ಇಲ್ಲಿ ಆಟಿಕೆ ಸಿಗುತ್ತದೆ ಎಂದು ಅದು ದೂರದಿಂದಲೇ ತಿಳಿಸುತ್ತದೆ.

ಈಗ ಕೆತ್ತಿದ ಕುಂಬಳಕಾಯಿಗೆ ಬರುತ್ತೇನೆ. ಅದನ್ನು ಮಕ್ಕಳ ಕರಕುಶಲವೆಂದು ಬದಿಗಿಟ್ಟ ವಿಮರ್ಶಕರು ಒಮ್ಮೆಯೂ ಅದರ ಮುಂದೆ ನಡೆದಾಡಿದಂತಿಲ್ಲ. ಕೆತ್ತುವುದಕ್ಕೆ ಹೇಳಿಮಾಡಿಸಿದ ತಳಿಗಳಿವೆ. ಮ್ಯಾಸಚೂಸೆಟ್ಸ್‌ನ ರೈತ ಹೌಡೆನ್ ಆರಿಸಿ ಬೆಳೆಸಿದ, ಅವನ ಹೆಸರನ್ನೇ ಹೊತ್ತ ತಳಿ ಅವುಗಳಲ್ಲಿ ಪ್ರಸಿದ್ಧ. ಕಡು ಕಿತ್ತಳೆ ಬಣ್ಣ, ಹಿಡಿದೆತ್ತಬಹುದಾದ ಗಟ್ಟಿ ತೊಟ್ಟು. ಅಡುಗೆಗೆ ಮಾತ್ರ ಸಪ್ಪೆ. ಮೇಲಿನ ಮುಚ್ಚಳವನ್ನು ಚಾಕು ಓರೆಯಾಗಿ ಹಿಡಿದು ಕೊಯ್ಯಬೇಕು, ನೇರ ಕೊಯ್ದರೆ ಅದು ಒಳಗೇ ಕುಸಿಯುತ್ತದೆ. ಬೀಜ, ನಾರು ಬಾಚಿ ತೆಗೆದು, ಮುಖ ಬರುವ ಕಡೆ ಒಳಗಿನಿಂದ ಕೆರೆದು, ತಿರುಳಿನ ದಪ್ಪವನ್ನು ಸುಮಾರು ಒಂದಂಗುಲಕ್ಕೆ ತರುತ್ತಾರೆ. ಆಮೇಲೆ ಕಣ್ಣು, ಮೂಗು, ಬಾಯಿ.

ಆ ಒಂದಂಗುಲದಲ್ಲಿಯೇ ಎಲ್ಲವೂ ಇದೆ. ಕಾಗದದ ಮುಖವಾಡದ ಕಣ್ಣು ಬರಿಯ ತೂತು. ಕುಂಬಳದ ಕಣ್ಣಿಗೆ ಗೋಡೆಯಿದೆ, ಆಳವಿದೆ. ಒಳಗೆ ನಡುಮಧ್ಯದಲ್ಲಿ ಒಂದೇ ಮೇಣದಬತ್ತಿ ಇದೆ ಎನ್ನೋಣ. ಎದುರಿಗೆ ನಿಂತವನಿಗೆ ಕಣ್ಣುಗಳಲ್ಲಿ ಜ್ವಾಲೆ ಕಾಣದು, ಒಳಗೋಡೆಯ ಬೆಳಕು ಮಾತ್ರ ಕಾಣುತ್ತದೆ. ಅವನು ಬಲಕ್ಕೆ ಸರಿದರೆ ಅವನ ಕಣ್ಣಿನಿಂದ ಜ್ವಾಲೆಗೆ ಎಳೆದ ಗೆರೆ ಕುಂಬಳದ ಮುಖವನ್ನು ಅವನ ಬಲಬದಿಯಲ್ಲೇ ದಾಟುತ್ತದೆ, ಆ ಬದಿಯ ಕಣ್ಣಿನಲ್ಲಿ ಜ್ವಾಲೆ ಹೊತ್ತಿಕೊಳ್ಳುತ್ತದೆ. ಎಡಕ್ಕೆ ಸರಿದರೆ ಜ್ವಾಲೆ ಎಡಗಣ್ಣಿಗೆ ದಾಟುತ್ತದೆ. ಕದಲದೆ ಕೂತ ಕಾಯಿ ನಡೆಯುವವನ ಕಡೆಗೇ ತಿರುಗಿ ನೋಡಿದಂತಾಗುವುದು ಹೀಗೆ.

ಇನ್ನೊಂದು ಸೂಕ್ಷ್ಮವಿದೆ. ಕುಂಬಳವನ್ನು ಜಗಲಿಯ ಕೆಳಮೆಟ್ಟಿಲ ಮೇಲಿಟ್ಟರೆ ಅದು ಮಗುವಿನ ಕಣ್ಣಿಗಿಂತಲೂ ತಗ್ಗಿನಲ್ಲಿರುತ್ತದೆ. ದೂರದಲ್ಲಿರುವಾಗ ಮಗುವಿನ ದೃಷ್ಟಿ ಹೆಚ್ಚುಕಡಿಮೆ ಮಟ್ಟಸವಾಗಿ ಬರುವುದರಿಂದ ಜ್ವಾಲೆ ಬಾಯಿಯ ಸೀಳಿನಲ್ಲಿ ಕಾಣುತ್ತದೆ. ಹತ್ತಿರ ಬಂದಂತೆ ನೋಟ ಕೆಳಮುಖವಾಗುತ್ತದೆ, ಜ್ವಾಲೆ ಬಾಯಿ ಬಿಟ್ಟು ಮೂಗಿಗೆ, ಮೂಗಿನಿಂದ ಕಣ್ಣಿಗೆ ಏರುತ್ತದೆ. ಹತ್ತು ಹೆಜ್ಜೆಯ ಆಚೆ ಹಲ್ಲು ಕಿರಿದಿದ್ದ ಮುಖ ನಾಲ್ಕು ಹೆಜ್ಜೆಯ ಹತ್ತಿರದಲ್ಲಿ ಕಣ್ಣು ತೆರೆಯುತ್ತದೆ. ಹಿಂದೆ ನಿಂತ ಅಪ್ಪನಿಗೆ ಇದು ಇದೇ ರೀತಿ ಕಾಣುವುದಿಲ್ಲ. ಅವನ ಎತ್ತರದಿಂದ ಜ್ವಾಲೆ ಬಲುಬೇಗ ಮುಚ್ಚಳದ ಮರೆಗೆ ಸರಿದುಬಿಡುತ್ತದೆ. ಮಗುವಿನ ಎತ್ತರಕ್ಕೆಂದು, ಮಗುವಿನ ಹೆಜ್ಜೆಗೆಂದು ಕೂಡಿಬಂದ ಇಂಥ ಚಲನೆಯನ್ನು ಬೇರೆ ಯಾವ ಅಂಗಳಸಿಂಗಾರದಲ್ಲೂ ನಾನು ಕಂಡಿಲ್ಲ. ಇದಕ್ಕೆ ಮೋಟಾರಿಲ್ಲ, ಸೆನ್ಸರಿಲ್ಲ. ಮಗು ನಿಂತರೆ ಅದೂ ನಿಲ್ಲುತ್ತದೆ, ಮಗು ಓಡಿದರೆ ಅದೂ ಬೇಗ ನೋಡುತ್ತದೆ.

ಈ ಗುಣವನ್ನು ಕೊಂದದ್ದು ಎರಡು ಸುಧಾರಣೆಗಳು. ಒಂದು, ಅಚ್ಚಿನ ಕಾಗದ ಅಂಟಿಸಿ ಸಣ್ಣ ಗರಗಸದಿಂದ ಕೊರೆಯುವ ಚಿತ್ರ: ಮಾಟಗಾತಿ, ಬಾವಲಿ, ಸಿನಿಮಾ ನಟರ ಮುಖ. ಅದು ಎದುರಿನಿಂದ, ಅದರಲ್ಲೂ ಫೋಟೋದಲ್ಲಿ ಮಾತ್ರ ಚೆಂದ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಗೆರೆಗಳು ಒಂದನ್ನೊಂದು ನುಂಗಿ ಚಿತ್ರವೇ ಕೆಡುತ್ತದೆ. ಎರಡನೆಯದು ಕಾಯಿಯ ಒಳಗೆಲ್ಲ ಸುತ್ತಿಡುವ ಎಲ್‌ಇಡಿ ಸರ. ಬೆಳಕು ಎಲ್ಲೆಲ್ಲೂ ಸಮವಾಗಿ ತುಂಬಿದಾಗ ಜ್ವಾಲೆಯ ಬಿಂದು ಇರುವುದಿಲ್ಲ, ಬಿಂದು ಇಲ್ಲದಿದ್ದರೆ ನೋಟವೂ ಇಲ್ಲ. ಬೆಂಕಿಯ ಭಯ ನಿಜ. ಉದ್ದ ಲಂಗದ ವೇಷ ತೊಟ್ಟ ಮಕ್ಕಳು ಬರುವ ಜಾಗದಲ್ಲಿ ಮೇಣದಬತ್ತಿ ಬೇಡವೆನ್ನುವವರ ಜತೆ ನಾನು ಜಗಳವಾಡುವುದಿಲ್ಲ. ಆದರೆ ಒಂದೇ ಪುಟ್ಟ ಬಲ್ಬನ್ನು ನಡುವೆ ನಿಲ್ಲಿಸಿದರೆ ಅರ್ಧಕ್ಕಿಂತ ಹೆಚ್ಚು ಗುಣ ಉಳಿಯುತ್ತದೆ.

ಐರ್ಲೆಂಡಿನ ಮೇಯೋ ಕೌಂಟಿಯ ಟರ್ಲೋ ಪಾರ್ಕ್ ವಸ್ತುಸಂಗ್ರಹಾಲಯದಲ್ಲಿ ಡೊನೆಗಾಲ್ ಸೀಮೆಯ ಹಳೆಯ ಟರ್ನಿಪ್ ದೀಪವೊಂದರ ಎರಕದ ಪ್ರತಿ ಇದೆ. ಅಮೆರಿಕದ ಕುಂಬಳಕ್ಕೂ ಮೊದಲು ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ಗಾತ್ರದಲ್ಲಿ ಚಿಕ್ಕದಾದ ಆ ದೀಪದ ಗುಳಿಬಿದ್ದ ಕಣ್ಣು, ಸುಕ್ಕುಬಿದ್ದ ಮುಖ ಎಷ್ಟೋ ಮಂದಿಯನ್ನು ಬೆಚ್ಚಿಬೀಳಿಸಿದೆ. ಗಾತ್ರಕ್ಕೂ ಭಯಕ್ಕೂ ನಂಟಿಲ್ಲ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ನಮ್ಮ ಕಾವ್ಯಮೀಮಾಂಸೆ ಇಲ್ಲಿ ನೇರವಾಗಿ ನೆರವಿಗೆ ಬರುತ್ತದೆ. ಭಾರೀ ಗಾತ್ರ ಹುಟ್ಟಿಸುವುದು ವಿಸ್ಮಯವನ್ನು. ಅದರ ರಸ ಅದ್ಭುತ. ಭಯಾನಕಕ್ಕೆ ಬೇಕಾದ ಉದ್ದೀಪನಗಳು ಬೇರೆ: ಅರೆಗತ್ತಲು, ಎಲ್ಲಿಂದ ಬಂತೆಂದು ತಿಳಿಯದ ಸದ್ದು, ತನ್ನನ್ನು ಯಾರೋ ಗಮನಿಸುತ್ತಿದ್ದಾರೆಂಬ ಗುಮಾನಿ. 12 ಅಡಿಯ ಅಸ್ಥಿಪಂಜರ ರಸ್ತೆಯ ತಿರುವಿನಿಂದಲೇ ಪೂರ್ತಿ ಕಾಣಿಸಿಕೊಂಡುಬಿಡುತ್ತದೆ. ಮಗು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಅದರಲ್ಲಿ ಹೊಸದಾಗಿ ತಿಳಿಯಲು ಏನೂ ಉಳಿದಿರುವುದಿಲ್ಲ. ಬುಡಕ್ಕೆ ಬಂದ ಮಗುವಿಗೆ ಕಾಣುವುದು ಮೊಣಕಾಲು. ಅದರ ಕಣ್ಣುಗುಳಿಗಳಲ್ಲಿ ಪುಟ್ಟ ಪರದೆಗಳಿವೆ. ಕಣ್ಣುಗಳು ತಾವಾಗಿಯೇ ಹೊರಳುತ್ತಿರುತ್ತವೆ. ಎದುರಿಗೆ ಮಗು ಇದ್ದರೂ ಇಲ್ಲದಿದ್ದರೂ ಅದೇ ಹೊರಳಾಟ. ಡಿಸೆಂಬರ್ ಬಂದರೆ ಅದಕ್ಕೇ ಸಾಂಟಾ ಟೋಪಿ ಹಾಕುತ್ತಾರೆ. ಯಾವ ಹಬ್ಬಕ್ಕೂ ಸಲ್ಲುವ ವಸ್ತುವನ್ನು ಹ್ಯಾಲೋವೀನಿನ ಪ್ರತಿಮೆ ಎನ್ನುವುದು ಹೇಗೆ?

ಒಂದು ಮಾತನ್ನು ಅದರ ಪರವಾಗಿ ಹೇಳಲೇಬೇಕು. 2020ರ ಶರತ್ಕಾಲದಲ್ಲಿ ಕೋವಿಡ್ ಇತ್ತು. ಮನೆಮನೆಗೆ ಹೋಗಿ ಮಿಠಾಯಿ ಪಡೆಯುವುದು ಹೆಚ್ಚು ಅಪಾಯದ್ದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳಿತ್ತು. ಬಾಗಿಲ ಬಳಿ ಬರಬೇಡಿ, ದೂರದಿಂದ ನೋಡಿ ಎಂದು ಹೇಳುವ ಅಲಂಕಾರ ಆ ವರ್ಷಕ್ಕೆ ಬೇಕಿತ್ತು, ಕಾರಿನೊಳಗಿಂದ ಕಾಣುವ ಬೊಂಬೆ ಅದನ್ನು ಪೂರೈಸಿತು. ಆದರೆ ಅದೇ ವರ್ಷ ಕೆಲವರು ಜಗಲಿಯ ಕೈಪಿಡಿಗೆ ಪ್ಲಾಸ್ಟಿಕ್ ಕೊಳವೆ ಕಟ್ಟಿ, ಮೇಲಿನಿಂದ ಮಿಠಾಯಿ ಜಾರಿಸಿ ಕೆಳಗೆ ನಿಂತ ಮಕ್ಕಳ ಚೀಲಕ್ಕೆ ಬೀಳಿಸಿದರು. ನೀರಿನ ಪೈಪು, ಒಂದಿಷ್ಟು ಕಿತ್ತಳೆ ಟೇಪು, ಅಷ್ಟೇ. ಆರಡಿ ದೂರವನ್ನೂ ಕಾಯ್ದು ಕೊಡುವ ಕೈಯನ್ನೂ ಉಳಿಸಿಕೊಂಡ ಆ ಕೊಳವೆ ಆ ವರ್ಷದ ನಿಜವಾದ ಸೃಷ್ಟಿ. ಅದನ್ನು ಹೊಗಳಿ ಬರೆದವರು ಕಡಿಮೆ. ಬಾಗಿಲುಗಳು ಮತ್ತೆ ತೆರೆದ ಮೇಲೂ ದೂರದ ಬೊಂಬೆಯೇ ಮಾದರಿಯಾಗಿ ಉಳಿಯಿತು.

ಈ ಕುರುಡುತನದಲ್ಲಿ ವಿದ್ವಾಂಸರ ಪಾಲೂ ಇದೆ. ಜ್ಯಾಕ್ ಸಾಂಟಿನೋ ಅಮೆರಿಕದ ಹಬ್ಬಗಳನ್ನು ಶ್ರದ್ಧೆಯಿಂದ ಓದಿದ ಜಾನಪದ ವಿದ್ವಾಂಸ. ಶರತ್ಕಾಲದ ಮನೆಮುಂದಿನ ಸಿಂಗಾರವನ್ನು ಜನಪದ ಕಲೆಯೆಂದು 1980ರ ದಶಕದಲ್ಲೇ ಗಂಭೀರವಾಗಿ ಪರಿಗಣಿಸಿದವರು ಅವರು. ಜೋಳದ ದಂಟು, ಕುಂಬಳ, ಹಳೆಬಟ್ಟೆ ತುಂಬಿದ ಬೊಂಬೆ, ಅಸ್ಥಿಪಂಜರ ಇವನ್ನು ಒಟ್ಟಿಗೆ ಜೋಡಿಸುವುದನ್ನು ಅವರು ಒಂದು ಸಂಯೋಜನೆಯಾಗಿ ಕಂಡರು, ಸುಗ್ಗಿಯೂ ಸಾವೂ ಅಕ್ಕಪಕ್ಕದಲ್ಲಿ ಕೂತಿರುವುದನ್ನು ಗುರುತಿಸಿದರು. ಆ ಋಣ ದೊಡ್ಡದು. ಆದರೆ ಸಂಯೋಜನೆ ಎಂದೊಡನೆ ಅಂಗಳ ಚೌಕಟ್ಟಿನೊಳಗಿನ ಚಿತ್ರವಾಗುತ್ತದೆ. ಯಾವ ವಸ್ತು ಏನನ್ನು ಸೂಚಿಸುತ್ತದೆ ಎಂಬ ಪಟ್ಟಿ ಬೆಳೆಯುತ್ತದೆ, ಯಾವುದು ಎಷ್ಟನೇ ಹೆಜ್ಜೆಯಲ್ಲಿ ಎದುರಾಗುತ್ತದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಅವರ ನಂತರದ ಎಷ್ಟೋ ಬರಹಗಳು ಹಗಲಲ್ಲಿ ತೆಗೆದ ಫೋಟೋಗಳನ್ನು ನೋಡಿ ಬರೆದಂತಿವೆ. ಹಗಲಿನಲ್ಲಿ ಗಾಳಿ ತುಂಬುವ ನೈಲಾನ್ ಭೂತ ಹುಲ್ಲಿನ ಮೇಲೆ ಮುದುಡಿ ಬಿದ್ದಿರುತ್ತದೆ, ಥರ್ಮೋಕೋಲಿನ ಗೋರಿಕಲ್ಲಿನ ಬಣ್ಣ ಕಿತ್ತಿರುವುದು ಕಾಣುತ್ತದೆ. ಅದನ್ನು ನೋಡಿ ಈ ಕಲೆಯನ್ನು ಅಳೆಯುವುದು ಯಕ್ಷಗಾನದ ವೇಷಧಾರಿಯನ್ನು ಬೆಳಗ್ಗೆ ಬಣ್ಣ ತೊಳೆಯುವಾಗ ನೋಡಿ ತೀರ್ಪು ಕೊಟ್ಟಂತೆ.

ಅಮೆರಿಕದ ಕನ್ನಡಿಗರ ಬರಹಗಳಲ್ಲಿ ಇನ್ನೊಂದು ಬಗೆಯ ತಪ್ಪು ಬೇರುಬಿಟ್ಟಿದೆ. ಹ್ಯಾಲೋವೀನ್ ಎಂದರೆ ಅವರ ಮಹಾಲಯ ಅಮಾವಾಸ್ಯೆ ಎಂದು ಬರೆಯುವುದು. ಮಹಾಲಯದಲ್ಲಿ ಎಡೆ ಇಡುವುದು ಹೆಸರು, ಗೋತ್ರ ಇರುವ ಹಿರಿಯರಿಗೆ. ಮೆಕ್ಸಿಕೋದವರ ಮೃತರ ದಿನದ ವೇದಿಕೆಯಲ್ಲೂ ತೀರಿಕೊಂಡವರ ಫೋಟೋ ಇರುತ್ತದೆ, ಅವರಿಗೆ ಪ್ರಿಯವಾದ ತಿನಿಸು ಇರುತ್ತದೆ. ಅಮೆರಿಕದ ಅಂಗಳದ ಎಲುಬು ಯಾರದೂ ಅಲ್ಲ, ಗೋರಿಕಲ್ಲಿನ ಮೇಲಿನ ಹೆಸರು ಶಬ್ದದಾಟಕ್ಕಾಗಿ ಕಟ್ಟಿದ್ದು. ಅಲ್ಲಿ ಊಟ ಸಲ್ಲುವುದು ಸತ್ತವರಿಗಲ್ಲ, ಬದುಕಿರುವ ಪರರ ಮಕ್ಕಳಿಗೆ. ಕೆತ್ತಿದ ಕುಂಬಳವನ್ನು ನಮ್ಮ ದೃಷ್ಟಿಕುಂಬಳಕ್ಕೆ ಹೋಲಿಸುವವರೂ ಇದ್ದಾರೆ. ಹೊಸ ಮನೆಗೆ ಕಟ್ಟುವ ಬೂದುಗುಂಬಳ ಕೆಟ್ಟ ಕಣ್ಣನ್ನು ಆಚೆಗಟ್ಟಬೇಕು. ಇದು ಮಗುವನ್ನು ಹೆದರಿಸುತ್ತಲೇ ಒಳಗೆ ಕರೆಯಬೇಕು. ಎರಡೂ ಕುಂಬಳ ಎಂಬುದೊಂದೇ ಹೋಲಿಕೆ.

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಾಗ ಅಲ್ಲಿನ ಎಷ್ಟೋ ಭಾರತೀಯ ಮನೆಗಳ ಮೆಟ್ಟಿಲ ಮೇಲೆ ಕುಂಬಳವೂ ಹಣತೆಯೂ ಒಟ್ಟಿಗೆ ಉರಿದವು. ಅದನ್ನು ಸಂಸ್ಕೃತಿಗಳ ಸಂಗಮ ಎಂದು ಬಣ್ಣಿಸುವ ಬದಲು, ಹಣತೆಯ ಸಾಲು ದಾರಿಯನ್ನು ಎಲ್ಲಿಂದ ಎಲ್ಲಿಗೆ ತೋರಿಸಿತು, ಕುಂಬಳಕ್ಕೆ ಬೇಕಾದ ಕತ್ತಲನ್ನು ಅದು ಉಳಿಸಿತೋ ಕೆಡಿಸಿತೋ ಎಂದು ಯಾರಾದರೂ ಬರೆದಿದ್ದರೆ ಅದು ವಿಮರ್ಶೆ ಆಗುತ್ತಿತ್ತು.

ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಅಂದಾಜಿನಂತೆ 2023ರಲ್ಲಿ ಹ್ಯಾಲೋವೀನ್ ಅಲಂಕಾರಕ್ಕೇ ಸುಮಾರು 390 ಕೋಟಿ ಡಾಲರ್ ಖರ್ಚಾಯಿತು. ಇಷ್ಟು ಹಣ, ಇಷ್ಟು ಕೈಗಳ ದುಡಿಮೆ ಸೇರುವ ಕಲೆಗೆ ತಕ್ಕ ಅಳತೆಗೋಲು ಬೇಕು. ಊರೂರಿನ ಅಂಗಳ ಸ್ಪರ್ಧೆಗಳ ತೀರ್ಪುಗಾರರು ಕಾರಿನಲ್ಲಿ ಬೀದಿ ಸುತ್ತಿ, ಇಲ್ಲವೇ ಕಳಿಸಿದ ಫೋಟೋ ನೋಡಿ ಅಂಕ ಹಾಕುವುದನ್ನು ಬಿಡಲಿ. ಕತ್ತಲಾದ ಮೇಲೆ ಕಾಲುದಾರಿಯಲ್ಲಿ ಇಳಿದು, ಮಗುವಿನ ಎತ್ತರಕ್ಕೆ ಬಗ್ಗಿ ಬಾಗಿಲವರೆಗೆ ನಡೆಯಲಿ. ಮೊದಲ ಹೆಜ್ಜೆಗೆ ಕಂಡದ್ದು ಹತ್ತನೆಯ ಹೆಜ್ಜೆಗೆ ಬದಲಾಯಿತೇ, ಬೆಳಕು ಎಲ್ಲಿ ತಡೆಯಿತು, ಎಲ್ಲಿ ಕರೆಯಿತು, ಬಾಗಿಲು ತೆರೆದವರು ಮಗುವಿನ ಮುಖಕ್ಕೆ ಬಗ್ಗಿ ಮಾತಾಡಿದರೇ ಎಂದು ಬರೆದುಕೊಳ್ಳಲಿ. ಹಾಗೆ ಅಂಕ ಹಾಕಿದರೆ ಒಂದೇ ಕುಂಬಳ ಇಟ್ಟ ಎಷ್ಟೋ ಬಡ ಜಗಲಿಗಳು ಬಹುಮಾನದ ಪಟ್ಟಿಗೆ ಬರುತ್ತವೆ, 12 ಅಡಿಯ ಅಸ್ಥಿಪಂಜರ ನಿಲ್ಲಿಸಿದ ಅಂಗಳಗಳಲ್ಲಿ ಹೆಚ್ಚಿನವು ಮೊದಲ ಸುತ್ತನ್ನೂ ದಾಟುವುದಿಲ್ಲ.