ಸೀತನಿಯ ತಗ್ಗು

ಕ್ಯಾಂಪಿಂಗ್ ಹೋಗುವವರು ಅಡುಗೆಗೆ ಹೊಗೆಯ ಘಮ ಹತ್ತಿಸಲು ಈಗ ಪುಟ್ಟ ಪೆಟ್ಟಿಗೆಯೊಂದನ್ನು ಹೊತ್ತೊಯ್ಯುತ್ತಾರೆ. ಲಿಂಗಸೂಗೂರು, ಮಸ್ಕಿಯ ಎರೆಹೊಲದಲ್ಲಿ ಆ ಕೆಲಸಕ್ಕೆ ಒಂದು ತಗ್ಗು ಸಾಕು. ಹಿಂಗಾರಿ ಜೋಳ ಇನ್ನೂ ಹಸಿಗಾಳಾಗಿದ್ದಾಗ ಕುಳ್ಳು ಉರಿಸಿ, ಉರಿ ಇಳಿದ ಮೇಲೆ ತೆನೆಗಳನ್ನು ಕೆಂಡದ ಬೂದಿಯಲ್ಲಿ ಹೂತು, ದಂಟಷ್ಟೇ ಹೊರಗೆ ಬಿಡುತ್ತಾರೆ. ಬೆಂದದ್ದನ್ನು ಅಂಗೈಯಲ್ಲಿ ತಿಕ್ಕಿದರೆ ಹಸಿರು ಕಾಳು ಉದುರುತ್ತವೆ; ಅದೇ ಸೀತನಿ. ಜೊತೆಗೆ ಬೆಲ್ಲವೋ ಶೇಂಗಾ ಹಿಂಡಿಯೋ ಇದ್ದರಾಯಿತು.

ಪೆಟ್ಟಿಗೆಯಲ್ಲಿ ಶಾಖ ಹಿಡಿತದಲ್ಲಿರುತ್ತದಲ್ಲ ಎನ್ನಬಹುದು. ಇಲ್ಲಿ ಆ ಹಿಡಿತ ದಂಟು ತಿರುವುವ ಕೈಯಲ್ಲಿದೆ. ಕುಳ್ಳಿನ ಹೊಗೆಯೆಂದು ಮೂಗು ಮುರಿಯುವವರೂ ಉಂಟು. ಆದರೆ ದಟ್ಟ ಹೊಗೆ ಹೋದ ಮೇಲೆಯೇ ತೆನೆ ಒಳಗಿಳಿಯುವುದು. ಮೀನು, ಮಾಂಸವನ್ನು ಗಂಟೆಗಟ್ಟಲೆ ಹೊಗೆಯಲ್ಲಿಡಲು ಪೆಟ್ಟಿಗೆಯೇ ಮೇಲು, ಒಪ್ಪೋಣ. ತಗ್ಗಿಗಿರುವ ನಿಜವಾದ ತೊಡಕು ಬೇರೆ: ತುಂಗಭದ್ರಾ ಎಡದಂಡೆ ಕಾಲುವೆ ಭತ್ತ ತಂದ ಪಕ್ಕದ ಸಿಂಧನೂರಿನಲ್ಲಿ ಮೊದಲು ಜೋಳದ ಹೊಲ ಹುಡುಕಬೇಕು.