ಲುಸ್ಟೆನೌದ ‘2226’: ದಪ್ಪ ಇಟ್ಟಿಗೆ ಗೋಡೆ, ಗಣಕಯಂತ್ರದ ಕಾವಲು

ಆಸ್ಟ್ರಿಯಾದ ಪಶ್ಚಿಮ ತುದಿಯಲ್ಲಿರುವ ಲುಸ್ಟೆನೌ ಊರಿನಲ್ಲಿ 2013ರಲ್ಲಿ ಪೂರ್ಣಗೊಂಡ ‘2226’ ಆರು ಅಂತಸ್ತಿನ ಕಚೇರಿ ಕಟ್ಟಡ. ವಿನ್ಯಾಸ ಬೌಮ್‌ಶ್ಲಾಗರ್ ಎಬರ್ಲೆ ಸಂಸ್ಥೆಯದು. ಅದರ ಹಿಂದಿನ ಚಿಂತನೆ ಮುಖ್ಯವಾಗಿ ವಾಸ್ತುಶಿಲ್ಪಿ ಡೀಟ್‌ಮಾರ್ ಎಬರ್ಲೆ ಅವರದು. ಚಳಿಗಾಲದಲ್ಲಿ ಹಿಮ ಬೀಳುವ ಊರಾದರೂ ಇಲ್ಲಿ ಕೊಠಡಿ ಕಾಯಿಸುವ ವ್ಯವಸ್ಥೆಯಿಲ್ಲ, ಏಸಿಯಿಲ್ಲ, ಗಾಳಿ ದೂಡುವ ಯಂತ್ರಗಳೂ ಇಲ್ಲ. ಒಳಗಿನ ಉಷ್ಣತೆ ವರ್ಷವಿಡೀ 22ರಿಂದ 26 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕೆಂಬ ಗುರಿಯೇ ಕಟ್ಟಡಕ್ಕೆ ಹೆಸರಾಗಿದೆ.

ಈ ಕೆಲಸದ ಹೆಚ್ಚಿನ ಪಾಲನ್ನು ಗೋಡೆ ಹೊರುತ್ತದೆ. ಅದರ ದಪ್ಪ ಸುಮಾರು 76 ಸೆಂಟಿಮೀಟರ್. ತಲಾ 38 ಸೆಂಟಿಮೀಟರಿನ ಎರಡು ಪದರಗಳಲ್ಲಿ ಟೊಳ್ಳು ಇಟ್ಟಿಗೆ ಕಟ್ಟಲಾಗಿದೆ. ಒಳಪದರ ಕಟ್ಟಡದ ಭಾರ ಹೊರುತ್ತದೆ, ಹೊರಪದರ ಚಳಿಯನ್ನು ತಡೆಯುತ್ತದೆ. ಮೇಲೆ ಸುಣ್ಣದ ಗಾರೆ. ಕಿಟಕಿಗಳು ಗೋಡೆಯ ಒಳಅಂಚಿಗೆ ಸರಿದು ಕೂತಿರುವುದರಿಂದ ಬೇಸಿಗೆಯ ಬಿಸಿಲಿಗೆ ಗೋಡೆಯ ದಪ್ಪವೇ ಮರೆಯಾಗುತ್ತದೆ. ಎತ್ತರದ ಚಾವಣಿ ಬೆಳಕನ್ನು ಒಳಭಾಗದವರೆಗೆ ಒಯ್ಯುತ್ತದೆ. ಇಷ್ಟರಲ್ಲಿ ಹಳೆಯ ಕಾಲದ ಮೇಸ್ತ್ರಿಗೆ ಅಪರಿಚಿತವಾದದ್ದು ಹೆಚ್ಚೇನಿಲ್ಲ.

ಹೊಸತು ಇರುವುದು ಕಿಟಕಿಯ ಪಕ್ಕದ ಕಿರಿದಾದ ಗಾಳಿಕಿಂಡಿಗಳಲ್ಲಿ. ಸೆನ್ಸರುಗಳು ಒಳಗಿನ ಉಷ್ಣತೆ, ತೇವಾಂಶ ಮತ್ತು ಇಂಗಾಲದ ಡೈಆಕ್ಸೈಡಿನ ಪ್ರಮಾಣವನ್ನು ಅಳೆಯುತ್ತವೆ. ತಂತ್ರಾಂಶ ಅದನ್ನು ನೋಡಿ ಕಿಂಡಿ ತೆರೆಯುತ್ತದೆ, ಮುಚ್ಚುತ್ತದೆ. ಚಳಿಗಾಲದಲ್ಲಿ ಜನರ ಉಸಿರಿನಿಂದ ಗಾಳಿ ಕೆಟ್ಟಾಗ ಕಿಂಡಿ ಸ್ವಲ್ಪ ಹೊತ್ತು ತೆರೆದರೆ ಸಾಕು. ಒಳಗಿನ ಗಾಳಿ ಬದಲಾದರೂ ಗೋಡೆ ಮತ್ತು ಕಾಂಕ್ರೀಟ್ ನೆಲದಲ್ಲಿ ಕೂಡಿಟ್ಟ ಶಾಖ ಉಳಿದಿರುತ್ತದೆ. ಬೇಸಿಗೆಯಲ್ಲಿ ರಾತ್ರಿ ತಂಗಾಳಿ ಒಳಬಂದು, ಹಗಲು ಕಾದ ಗೋಡೆಯನ್ನು ತಣಿಸುತ್ತದೆ. ಕಟ್ಟಡದ ನಿಜವಾದ ಸಾಧನೆ ಇದೇ. ಸಾಮಾನ್ಯವಾಗಿ ಕಚೇರಿ ಕಟ್ಟಡಕ್ಕೆ ಹೊಸ ತಂತ್ರಜ್ಞಾನ ಬಂದಿತೆಂದರೆ ಯಂತ್ರಗಳ ಸಂಖ್ಯೆ ಏರುತ್ತದೆ, ದುರಸ್ತಿಯ ಖರ್ಚೂ ಏರುತ್ತದೆ. ಇಲ್ಲಿ ತಂತ್ರಜ್ಞಾನ ಬಂದದ್ದರಿಂದ ಯಂತ್ರಗಳು ಕಡಿಮೆಯಾಗಿವೆ. ಕಾಂಕ್ರೀಟ್ ಚೌಕಟ್ಟಿನ ಮೇಲೆ ತೆಳು ಇಟ್ಟಿಗೆ ಬಿಲ್ಲೆ ಅಂಟಿಸಿ ‘ಸಾಂಪ್ರದಾಯಿಕ’ ಎನ್ನಿಸಿಕೊಳ್ಳುವ ಕಚೇರಿಗಳಿಗಿಂತ ಇದು ಎಷ್ಟೋ ಪ್ರಾಮಾಣಿಕ. ಅಲ್ಲಿ ಇಟ್ಟಿಗೆ ಕಣ್ಣಿಗೆ ಬೀಳುತ್ತದೆ, ದುಡಿಯುವುದಿಲ್ಲ. ಇಲ್ಲಿ ಗಾರೆಯ ಹಿಂದೆ ಮರೆಯಾಗಿದ್ದರೂ ಹಗಲಿರುಳು ದುಡಿಯುತ್ತದೆ. ಇಟ್ಟಿಗೆಯ ಬಣ್ಣ, ಒರಟು, ವರಸೆಗಳ ಚೆಲುವು ಬಿಳಿ ಗಾರೆಯಡಿ ಕಾಣದಾಗಿರುವುದು ನಷ್ಟವೇ, ನಿಜ.

‘ಶಾಖಯಂತ್ರವಿಲ್ಲದ ಕಟ್ಟಡ’ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಒಪ್ಪಬೇಕು. ಜನರ ಮೈಬಿಸಿ, ಕಂಪ್ಯೂಟರು, ದೀಪ, ಬಿಸಿಲು ಸೇರಿ ಒಳಾಂಗಣವನ್ನು ಬೆಚ್ಚಗಿಡುತ್ತವೆ. ಯಾರೂ ಇಲ್ಲದ ದಿನಗಳಲ್ಲಿ ತೀರಾ ತಣ್ಣಗಾದರೆ ತಂತ್ರಾಂಶ ದೀಪಗಳನ್ನೇ ಹೊತ್ತಿಸಿ ಶಾಖ ಪಡೆಯುತ್ತದೆ. ಅಂದರೆ ಶಾಖಕ್ಕೂ ವಿದ್ಯುತ್ತು ಬೇಕು, ಬೇರೆ ದಾರಿಯಿಂದ. ಟೊಳ್ಳು ಇಟ್ಟಿಗೆ ಸುಡಲು ಖರ್ಚಾದ ಇಂಧನವೂ ಲೆಕ್ಕಕ್ಕೆ ಸೇರಬೇಕು. ಕಟ್ಟಡ ಬಹುಕಾಲ ಬಾಳಿದರೆ ಮಾತ್ರ ಅದು ತೀರುತ್ತದೆ. ಜಾಗದ ಬೆಲೆಯೂ ಇದೆ: ಸುಮಾರು 24 ಮೀಟರ್ ಚೌಕದ ಅಂತಸ್ತಿನಲ್ಲಿ 70 ಚದರ ಮೀಟರಿನಷ್ಟು ಹೊರಗೋಡೆಗೇ ಹೋಗುತ್ತದೆ. ಬಾಡಿಗೆಯನ್ನು ಅಡಿಗಳಲ್ಲಿ ಎಣಿಸುವ ನಗರಗಳಲ್ಲಿ ಇದನ್ನು ಒಪ್ಪುವ ಮಾಲೀಕರು ವಿರಳ.

ಟೊಳ್ಳು ಇಟ್ಟಿಗೆ ಕರ್ನಾಟಕಕ್ಕೆ ಹೊಸದಲ್ಲ. ಆಸ್ಟ್ರಿಯಾ ಮೂಲದ ವೀನರ್‌ಬರ್ಗರ್ ಕಂಪನಿ ಕುಣಿಗಲ್‌ನಲ್ಲೇ ಅದನ್ನು ತಯಾರಿಸಿದೆ. ಹಾಗೆಂದು ಲುಸ್ಟೆನೌದ ಗೋಡೆಯನ್ನು ಬೆಂಗಳೂರಿಗೆ ತಂದಿಟ್ಟರೆ ಫಲ ಬಾರದು. ಜನ ಮತ್ತು ಕಂಪ್ಯೂಟರುಗಳ ಶಾಖ ಅಲ್ಲಿ ಆಸ್ತಿ, ಇಲ್ಲಿ ಹೊರೆ. ಬೆಂಗಳೂರಿಗೆ ಹೊಂದುವುದು ಆಳವಾದ ಕಿಟಕಿಯ ನೆರಳು ಮತ್ತು ರಾತ್ರಿ ತೆರೆಯುವ ಕಿಂಡಿ. ಏಪ್ರಿಲ್‌ನಲ್ಲೂ ನಸುಕಿನ ಗಾಳಿ ಇಲ್ಲಿ ತಂಪಾಗಿರುತ್ತದೆ. ಕಿಂಡಿಗೆ ಸೊಳ್ಳೆ ಪರದೆ ಬೇಕು, ರಸ್ತೆಯ ಧೂಳು ಮತ್ತು ಸದ್ದಿಗೆ ತಡೆ ಬೇಕು. ಎರಡೂ ಗಾಳಿಯ ಹರಿವನ್ನು ತಗ್ಗಿಸುವುದರಿಂದ ಕಿಂಡಿ ಇನ್ನಷ್ಟು ಅಗಲವಾಗಬೇಕು. ರಾತ್ರಿಯೂ ಬೆಚ್ಚಗೆ, ತೇವವಾಗಿರುವ ಮಂಗಳೂರಿನಂಥ ಕರಾವಳಿ ಊರಿನಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಅಲ್ಲಿ ಗೋಡೆಯ ದಪ್ಪಕ್ಕಿಂತ ಅಡ್ಡಗಾಳಿ ಮತ್ತು ಚಾಚಿದ ಮಾಡೇ ಮುಖ್ಯ.