ಹನ್ನೊಂದು ಅನುಮಾನ, ಹನ್ನೆರಡು ಹಿಟ್ಟು

ಗಾಂಧಿಬಜಾರಿನ ವಿದ್ಯಾರ್ಥಿ ಭವನದ್ದೋ ಮಲ್ಲೇಶ್ವರದ ಸಿಟಿಆರ್‌ನದ್ದೋ ದೋಸೆ ತಿಂದು ಬಂದವರಿಗೆ ಮನೆಯ ದೋಸೆಯ ಮೇಲೆ ಅನುಮಾನ ಹುಟ್ಟುತ್ತದೆ. ಅಕ್ಕಿಯ ತಳಿ, ಉದ್ದಿನ ಅಳತೆ, ಮೆಂತ್ಯ, ಅವಲಕ್ಕಿ, ಕಡಲೆಬೇಳೆ, ನೆನೆಸುವ ಹೊತ್ತು, ರುಬ್ಬಿದ ನುಣುಪು, ಉಪ್ಪು, ಹಿಟ್ಟು ಹುದುಗುವ ಹೊತ್ತು, ಪಾತ್ರೆ ಇಟ್ಟ ಜಾಗದ ಬಿಸುಪು, ಕಾವಲಿಯ ಕಾವು: ಹನ್ನೊಂದಾಯಿತು. ಪ್ರತಿಯೊಂದಕ್ಕೂ ಹೆಚ್ಚು, ಕಡಿಮೆ ಎಂಬ ಎರಡೇ ಮಟ್ಟ ಇಟ್ಟರೂ ಎಲ್ಲ ಜೋಡಣೆ ನೋಡಲು 2048 ಸಲ ಹಿಟ್ಟು ರುಬ್ಬಬೇಕು.

ನಾವು ಮಾಡುವುದು ಒಂದೊಂದನ್ನೇ ಬದಲಿಸಿ ನೋಡುವುದು. ಮೊದಲ ಹಿಟ್ಟೂ ಸೇರಿ 12 ಹಿಟ್ಟು. 1946ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪ್ಲಾಕೆಟ್ ಮತ್ತು ಬರ್ಮನ್ ಪ್ರಕಟಿಸಿದ ಪ್ರಯೋಗ ವಿನ್ಯಾಸವೂ ಕೇಳುವುದು 12 ಹಿಟ್ಟನ್ನೇ. ಆದರೆ ನಮ್ಮ ಕ್ರಮದಲ್ಲಿ ಮೆಂತ್ಯದ ಬಗೆಗಿನ ತೀರ್ಪು ಎರಡು ಹಿಟ್ಟುಗಳ ಮೇಲೆ ನಿಂತರೆ, ಅವರದರಲ್ಲಿ ಮೆಂತ್ಯ ಹೆಚ್ಚಿರುವ ಆರು, ಕಡಿಮೆಯಿರುವ ಆರು ಎದುರುಬದುರಾಗುತ್ತವೆ. ಅದೇ ಹನ್ನೆರಡು ಉಳಿದ ಹತ್ತಕ್ಕೂ ಸಾಕ್ಷಿ ಹೇಳುತ್ತವೆ. ಅಷ್ಟೇ ಅಕ್ಕಿಗೆ ಇಷ್ಟು ಮಾಹಿತಿ ಕೊಡುವ ಉಪಾಯವನ್ನು ಮೆಚ್ಚದಿರುವುದು ಕಷ್ಟ.

ನನ್ನ ತಕರಾರು ಅದನ್ನು ಬಳಸುವವರ ಮೇಲೆ. ಡಿಸೆಂಬರಿನ ಬಸವನಗುಡಿಯಲ್ಲಿ ಉಪ್ಪು ಹಾಕಿದ ಹಿಟ್ಟು ಉಬ್ಬಲು ಸತಾಯಿಸುತ್ತದೆ. ಏಪ್ರಿಲ್‌ನಲ್ಲಿ ಅದೇ ಉಪ್ಪು ಹುಳಿ ಏರದಂತೆ ತಡೆದು ಉಪಕಾರ ಮಾಡುತ್ತದೆ. ಉಪ್ಪಿನ ಗುಣ ಬಿಸುಪನ್ನು ಅವಲಂಬಿಸಿದೆ. ಅವರ 12 ಹಿಟ್ಟಿನ ಕೋಷ್ಟಕದಲ್ಲಿ ಈ ಜೋಡಿಯ ಪರಿಣಾಮಕ್ಕೆ ಬೇರೆ ಜಾಗವಿಲ್ಲ. ಅದರ ಮೂರನೇ ಒಂದು ಭಾಗ ಉಳಿದ ಒಂಬತ್ತು ಅಂಶಗಳ ಲೆಕ್ಕಕ್ಕೂ ಕೂಡಿಯೋ ಕಳೆದೋ ಸೇರುತ್ತದೆ. ಪಾಪದ ಅವಲಕ್ಕಿಗೆ ಸಲ್ಲದ ಕೀರ್ತಿ ಬರಬಹುದು, ಮೆಂತ್ಯ ಪಟ್ಟಿಯಿಂದಲೇ ಹೊರಬೀಳಬಹುದು. ಸೂಕ್ಷ್ಮಜೀವಿಗಳ ಪೋಷಕ ದ್ರಾವಣ ಹದಗೊಳಿಸುವ ಪ್ರಬಂಧಗಳಲ್ಲಿ ಇದು ರೂಢಿ: 12 ಪ್ರಯೋಗ, ಮೂರು ಗೆದ್ದ ಅಂಶ, ಅವುಗಳ ಮೇಲೆ ಮುಂದಿನ ಪ್ರಯೋಗ. ಹೊರಬಿದ್ದವನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಈ ತೊಡಕು ಬಿಡಿಸಲು ಬೇಕಾದ ಗಣಿತ ಹಳೆಯದು. ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1947ರಲ್ಲೇ ಇಂಥ ಕೋಷ್ಟಕಗಳನ್ನು ‘ಬಲ’ ಎಂಬ ಮಾನದಿಂದ ಅಳೆದರು: ಎರಡೆರಡು ಅಂಶಗಳ ಜೋಡಣೆಗಳೆಲ್ಲ ಸಮನಾಗಿ ಬಂದರೆ ಬಲ ಎರಡು, ಮೂರು ಮೂರರವೂ ಸಮನಾದರೆ ಬಲ ಮೂರು. 1954-55ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಬಂದಿದ್ದ ಜಪಾನಿನ ಎಂಜಿನಿಯರ್ ಟಗೂಚಿಯ ಹೆಸರಿನ ವಿಧಾನ ನಿಂತಿರುವುದೂ ಇಂಥ ಕೋಷ್ಟಕಗಳ ಮೇಲೆಯೇ. (ಜಪಾನಿನ ಹೆಸರು ಅಂಟಿದ ಮೇಲೆ ಹಡಗಲಿಯನ್ನು ನೆನೆಯುವವರು ಕಡಿಮೆ.) ಮೊದಲ 12ರಲ್ಲಿ ಹೆಚ್ಚಿದ್ದಲ್ಲಿ ಕಡಿಮೆ, ಕಡಿಮೆಯಿದ್ದಲ್ಲಿ ಹೆಚ್ಚು ಮಾಡಿ ಇನ್ನೂ 12 ಹಿಟ್ಟು ರುಬ್ಬಿದರೆ ಬಲ ಮೂರಾಗುತ್ತದೆ, ಉಪ್ಪು-ಬಿಸುಪಿನ ಜಗಳ ಅವಲಕ್ಕಿಯ ಲೆಕ್ಕದಿಂದ ತೊಲಗುತ್ತದೆ. ಖರ್ಚು ಇಮ್ಮಡಿ, ನಿಜ. 2048ರ ಪಕ್ಕದಲ್ಲಿ 24 ಯಾವ ಮಹಾ?